ರಕ್ತ ಕಾಣದ ಗಾಯ

ರಸ್ತೆ ಅಪಘಾತ ನಡೆದ ಸ್ಥಳದಲ್ಲಿ ನಾವು ಮೊದಲು ಹುಡುಕುವುದು ರಕ್ತವನ್ನು. ತಲೆ ಒಡೆದಿಲ್ಲ, ಕೈಕಾಲು ಮುರಿದಿಲ್ಲ ಎಂದಾದರೆ ದೊಡ್ಡ ಗಂಡಾಂತರ ಕಳೆಯಿತೆಂದು ಗಾಯಾಳುವಿಗೆ ನೀರು ಕುಡಿಸಿ ಮನೆಗೆ ಕಳುಹಿಸುತ್ತೇವೆ. ಹೊಟ್ಟೆಯೊಳಗಿನ ಗಾಯ ಜೀವ ತೆಗೆಯುವುದು ಈ ನೆಮ್ಮದಿಯ ಮರೆಯಲ್ಲಿಯೇ.

ಎಡಪಕ್ಕೆಯ ಕೆಳಗಿನ ಗುಲ್ಮ, ಬಲಪಕ್ಕೆಯ ಯಕೃತ್ತು ರಕ್ತ ತುಂಬಿದ ಮೃದು ಅಂಗಗಳು. ಸ್ಟೀರಿಂಗ್ ಚಕ್ರ ಬಲವಾಗಿ ಬಡಿದರೆ ಚರ್ಮ ಹರಿಯದೆಯೂ ಇವು ಸೀಳಬಹುದು. ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಬಹುಪಾಲನ್ನು ಉದರ ಸದ್ದಿಲ್ಲದೆ ನುಂಗಬಲ್ಲದು. ಕರುಳಿಗೆ ರಂಧ್ರವಾಗಿದ್ದರೆ ನೋವು, ಜ್ವರ ತಲೆದೋರುವುದು ಮರುದಿನವೂ ಇರಬಹುದು. ಆದ್ದರಿಂದ ಹೊಟ್ಟೆ ಬಿಗಿಯುವುದು, ಎಡ ಹೆಗಲಿನ ನೋವು, ತಲೆಸುತ್ತು, ಸೀಟ್ ಬೆಲ್ಟ್ ಒತ್ತಿದ ಕಡೆ ಕಂದಿದ ಗುರುತು ಇವುಗಳಲ್ಲಿ ಯಾವುದನ್ನೂ ಉಪೇಕ್ಷಿಸುವಂತಿಲ್ಲ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ನೀರನ್ನೂ ಕುಡಿಸಬಾರದು.

ಬೆಲ್ಟೇ ಹೊಟ್ಟೆಗೆ ಪೆಟ್ಟು ಕೊಡುತ್ತದೆಂದು ಅದನ್ನು ತೊರೆಯುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ತೊಂದರೆಯಿರುವುದು ಬೆಲ್ಟಿನಲ್ಲಲ್ಲ, ಕಟ್ಟುವ ಕ್ರಮದಲ್ಲಿ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗಳ ಮೇಲೆ ಕೂರಬೇಕು. ಹಿಂದಿನ ಸೀಟಿಗೂ ಇದೇ ನಿಯಮ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಪ್ರಯಾಣಿಸುತ್ತಿದ್ದಾಗ ಮೃತಪಟ್ಟದ್ದನ್ನು ದೇಶವೇ ಕಂಡಿದೆ. ಆದರೆ ನಮ್ಮ ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಿಗೆ ಜೀಪಿನ ಹಿಂಭಾಗದಲ್ಲಿ ಕಿಕ್ಕಿರಿದು ಹೋಗುವ ಕಾರ್ಮಿಕರಿಗೆ ಕಟ್ಟಿಕೊಳ್ಳಲು ಬೆಲ್ಟಾದರೂ ಎಲ್ಲಿದೆ?

ಕಾಣದ ಗಾಯಕ್ಕೆ ಅಂತರವೂ ಸೇರಿದರೆ ಅಪಾಯ ಇಮ್ಮಡಿ. ಸಿದ್ದಾಪುರದಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರ್‌ಗೂ ಮೀರಿದ ತಿರುವಿನ ದಾರಿ. ಮೈಸೂರು ಸುಮಾರು ನೂರು ಕಿಲೋಮೀಟರ್ ದೂರ. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೂ 2019ರಲ್ಲಿ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ಕೊಡಗಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನವನ್ನೇ ನಡೆಸಬೇಕಾಯಿತು. ದಾರಿಯಲ್ಲೇ ಜೀವ ಕಳೆದುಕೊಳ್ಳುವ ಭಯ ಅದರ ಹಿಂದಿತ್ತು.

ಪ್ರತಿ ಪಟ್ಟಣದಲ್ಲೂ ಬೃಹತ್ ಆಸ್ಪತ್ರೆ ಕಟ್ಟಲಾಗದು, ನಿಜ. ಆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಯಂತ್ರ ಕೆಲವೇ ನಿಮಿಷಗಳಲ್ಲಿ ತೋರಿಸಬಲ್ಲದು. ಆ ಯಂತ್ರ, ಅದನ್ನು ಬಳಸಬಲ್ಲ ವೈದ್ಯರು ಮತ್ತು ತುರ್ತಿಗೆ ಒದಗುವಷ್ಟು ರಕ್ತ ಹಗಲಿರುಳೂ ಹತ್ತಿರದಲ್ಲೇ ಸಿಗುವಂತಾಗಬೇಕು. ಗಾಯಾಳುವನ್ನು ಮೈಸೂರಿಗೆ ಕಳುಹಿಸುವ ಮುನ್ನವೇ ಅಲ್ಲಿನ ಶಸ್ತ್ರಚಿಕಿತ್ಸಕರಿಗೆ ಸುದ್ದಿ ಮುಟ್ಟಬೇಕು.

ಹಣದ ಅಡ್ಡಿಯೂ ಈಗ ಕಡಿಮೆಯಾಗಿದೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯನ್ವಯ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದುರಹಿತ. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ.

ಸರ್ಕಾರದ ಕೆಲಸ ಸರ್ಕಾರ ಮಾಡಲಿ. ನಮ್ಮ ಪಾಲಿನದು ಇಷ್ಟೇ: ಬಲವಾದ ಪೆಟ್ಟು ಬಿದ್ದವರು 'ನನಗೇನೂ ಆಗಿಲ್ಲ' ಎಂದರೂ ವೈದ್ಯರು ನೋಡುವ ತನಕ ಆ ಮಾತನ್ನು ನಂಬದಿರುವುದು.