ಮುಚ್ಚಿಟ್ಟ ಉರಿ



"ಸಾರ್, ಒಂದಕ್ಕೆ ಹೋಗಿ ಬರಲೇ?" ಎಂದು ಎದ್ದುನಿಂತವರನ್ನು "ಗಂಟೆ ಹೊಡೆಯಲಿ, ಕುಳಿತುಕೋ" ಎಂದು ಗದರಿದವನು ನಾನು. ಹೆಣ್ಣುಮಕ್ಕಳಂತೂ ಶಾಲೆಯ ಶೌಚಾಲಯಕ್ಕೆ ಅಂಜಿ ದಿನವಿಡೀ ನೀರನ್ನೇ ಕುಡಿಯುತ್ತಿರಲಿಲ್ಲ. ಅದರ ಗಾಂಭೀರ್ಯ ನನಗೆ ಅರಿವಾದುದು ತಡವಾಗಿ, ನನ್ನ ತಂಗಿಯಿಂದ.

ಒಂದೇ ವರ್ಷದಲ್ಲಿ ಅವಳಿಗೆ ಮೂರು ಬಾರಿ ಉರಿಮೂತ್ರ ಬಂದಿತ್ತು. "ಉಷ್ಣ" ಎಂದುಕೊಂಡು ಬಾರ್ಲಿ ನೀರು ಕುಡಿದಳು. ಹಳೆಯ ಚೀಟಿ ತೋರಿಸಿ ಮಾತ್ರೆ ತರಿಸಿದಳು. ಉರಿ ತಗ್ಗಿದೊಡನೆ ಅರ್ಧಕ್ಕೇ ಬಿಟ್ಟಳು. ನಾಲ್ಕನೆಯ ಸಲ ಚಳಿಜ್ವರ, ಬೆನ್ನುನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಅಣ್ಣನಾದ ನನಗೂ ಅವಳು ಹೇಳಿರಲಿಲ್ಲ.

ಇಲ್ಲಿ ರೋಗಕ್ಕಿಂತ ಸಂಕೋಚವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಹೆಣ್ಣಿನ ಮೂತ್ರದ್ವಾರದ ನಾಳ ಸುಮಾರು 4 ಸೆಂ.ಮೀ. ಉದ್ದವಷ್ಟೇ, ಕರುಳಿನ ಬ್ಯಾಕ್ಟೀರಿಯಾಗಳು ಸುಲಭವಾಗಿ ಒಳಸೇರುತ್ತವೆ. ಇದರಲ್ಲಿ ನಾಚಿಕೆಪಡುವಂಥದ್ದೇನಿದೆ? 6 ತಿಂಗಳಲ್ಲಿ 2 ಬಾರಿ ಅಥವಾ ವರ್ಷದಲ್ಲಿ 3 ಬಾರಿ ಬಂದರೆ ಅದನ್ನು ಮರುಕಳಿಸುವ ಸೋಂಕೆಂದು ವೈದ್ಯರು ಪರಿಗಣಿಸುತ್ತಾರೆ. ಆಗ ಮಾತ್ರೆ ನುಂಗುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಡಬೇಕು; ಯಾವ ಔಷಧಿ ನಾಟುತ್ತದೆಂಬುದು ಅದರಿಂದಲೇ ತಿಳಿಯುವುದು. ಜ್ವರ, ನಡುಕ, ಪಕ್ಕೆನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರು, ಮಧುಮೇಹಿಗಳು, ಗಂಡಸರು, ಮಕ್ಕಳು ಮೊದಲ ಸಲವೇ ತೋರಿಸಬೇಕು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ತರಗತಿಯಲ್ಲಿ ಮಗು ಕೈಯೆತ್ತಿದರೆ ಪಾಠ ನಿಲ್ಲಿಸಿಯಾದರೂ ಕಳುಹಿಸಿಕೊಡಿ. ನಾನು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ.