ಚಾವಡಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಅದ ಏನು?

ವಿಧಾನ ಪರಿಷತ್ತಿಗೆ ಪತ್ರಿಕೆಯವರು 'ಚಿಂತಕರ ಚಾವಡಿ' ಎಂದು ಹೆಸರಿಟ್ಟಿದ್ದಾರೆ. ಚಾವಡಿ ಎಂದರೆ ನಮಗೆ ನೆನಪಾಗುವುದೇ ಬೇರೆ. ಪಾಟೀಲ, ಕುಲಕರ್ಣಿ ಮೇಲೆ ಕೂತು ತೀರ್ಮಾನ ಮಾಡುವಾಗ ನಮ್ಮ ಅಜ್ಜಂದಿರು ಕೆಳಗೆ ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದ ಜಾಗ ಅದು. ಹಾಗಾಗಿ ಕಲಬುರಗಿಯ ಹಾಸ್ಟೆಲುಗಳಲ್ಲಿ ಗೆಳೆಯರು 'ಪರಿಷತ್ತು ಅಂದ್ರ ಸೋತವರ ಗಂಜಿ ಕೇಂದ್ರ, ಅದು ನಮಗ್ಯಾಕ?' ಎಂದು ನಕ್ಕರೆ ನಮಗೆ ಸಿಟ್ಟು ಬರುವುದಿಲ್ಲ. ಅರ್ಧ ಮಾತು ಖರೆ ಅದ. ಉಳಿದ ಅರ್ಧದ ಸಲುವಾಗಿ ಇದನ್ನು ಬರೆಯುತ್ತಿದ್ದೇವೆ.

2021ರ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ತಡೆಯುವ ಮಸೂದೆಯನ್ನು ಪಾಸು ಮಾಡಿತು. ಅದರ ಹೆಸರಿನಲ್ಲಿ 'ಧಾರ್ಮಿಕ ಸ್ವಾತಂತ್ರ್ಯ' ಇತ್ತು! ಒಳಗೆ ಇದ್ದದ್ದು ಏನು? ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಆ ಹೆಸರನ್ನು ಸರ್ಕಾರಿ ಕಚೇರಿಯ ಫಲಕಕ್ಕೆ ಹಚ್ಚಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳಬೇಕು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ತೋರಿಸಿದ ದಾರಿಯಲ್ಲಿ ಕಮಲಾಪುರದ ಒಬ್ಬ ಕೂಲಿಯವ ನಡೆಯಬೇಕೆಂದರೆ, ಅವನ ಹೆಸರು ತಹಶೀಲ್ ಕಚೇರಿಯ ಗೋಡೆ ಏರಬೇಕು. ಯಾರ ಹೊಲದಲ್ಲಿ ದುಡಿಯುತ್ತಾನೋ ಅವರೇ ಬಂದು ಅದನ್ನು ಓದಬೇಕು. ತಕರಾರು ಹಾಕುವವರು ಯಾರು ಅಂತ ಬೇರೆ ಹೇಳಬೇಕೇನು? ಪರಿಶಿಷ್ಟರನ್ನು ಮತಾಂತರ ಮಾಡಿದರೆ ಶಿಕ್ಷೆ ಹೆಚ್ಚು, ಮೂರರಿಂದ ಹತ್ತು ವರ್ಷ. ನಮ್ಮ ಬುದ್ಧಿಯನ್ನು ನಾವೇ ಬಳಸಲಾರೆವು ಎಂದು ಕಾಯ್ದೆಯಲ್ಲೇ ಬರೆದ ಹಾಗಾಯಿತು.

ಕೆಳಮನೆಯಲ್ಲಿ ಕೈ ಎತ್ತುವವರ ಕೊರತೆ ಇರಲಿಲ್ಲ. ಮೇಲ್ಮನೆಯಲ್ಲಿ ಮಾತ್ರ ಆಗಿನ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಸೋಲುತ್ತೇವೆಂದು ಗೊತ್ತಾಗಿ ಮಸೂದೆಯನ್ನು ಅಲ್ಲಿ ಮಂಡಿಸಲೇ ಇಲ್ಲ. ಹೆಚ್ಚು ಕಡಿಮೆ ಐದು ತಿಂಗಳು ಅದು ಹಾಗೇ ಬಿದ್ದಿತ್ತು. ಆಮೇಲೆ 2022ರ ಮೇ ತಿಂಗಳಲ್ಲಿ ಸರ್ಕಾರ ಹಿಂಬಾಗಿಲು ಹುಡುಕಿತು. ರಾಜ್ಯಪಾಲರ ರುಜು ಹಾಕಿಸಿ ಸುಗ್ರೀವಾಜ್ಞೆ ತಂದಿತು. ಪರಿಷತ್ತಿನಲ್ಲಿ ಬಲ ಕೂಡಿದ ಮೇಲೆ ಸೆಪ್ಟೆಂಬರಿನಲ್ಲಿ ಅಲ್ಲೂ ಪಾಸಾಯಿತು.

ಇದನ್ನು ನೋಡಿದವರು 'ಕಡೀಗೆ ಪಾಸು ಆಯ್ತಲ್ರಿ' ಎನ್ನುತ್ತಾರೆ. ಹೌದು, ಆಯಿತು. ರಾಜ್ಯದ ಮೇಲ್ಮನೆಗೆ ಮಸೂದೆಯನ್ನು ಕೊಲ್ಲುವ ಶಕ್ತಿಯನ್ನು ಸಂವಿಧಾನ ಕೊಟ್ಟಿಲ್ಲ. ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದರೆ ಒಂದು ತಿಂಗಳು, ಹಣದ ಮಸೂದೆಯಾದರೆ ಬರೀ 14 ದಿನ. ಅಷ್ಟೇ ಅದರ ತಡೆ. 2024ರ ಫೆಬ್ರವರಿಯಲ್ಲಿ ಬೇರೆ ಪಕ್ಷದ ಸರ್ಕಾರ ತಂದ ದೇವಸ್ಥಾನಗಳ ಮಸೂದೆಯನ್ನು ಪರಿಷತ್ತು 23ನೇ ತಾರೀಖು ಸೋಲಿಸಿತು. ತಿಂಗಳು ಮುಗಿಯುವುದರೊಳಗೆ ಅದೂ ದಾಟಿತು. ಆದರೆ ಗೆಳೆಯರೆ, ಐದು ತಿಂಗಳು ಅಂದ್ರ ಸಣ್ಣ ಮಾತಲ್ಲ. ಬೆಳಗಾವಿಯಲ್ಲಿ ಏನು ಬರೆದಿದ್ದಾರೆಂದು ಕೇರಿಗೆ ತಿಳಿಯಲಿಕ್ಕೆ, ಮಸೂದೆಯ ನಕಲು ತಂದು ಓದಿ ಹೇಳಲಿಕ್ಕೆ, ಜಗತ್ ಸರ್ಕಲ್‌ನಲ್ಲಿ ನಿಂತು ಕೂಗಲಿಕ್ಕೆ ಬೇಕಾದ ಹೊತ್ತು ಅದು. ಆ ಹೊತ್ತು ಸಿಕ್ಕಾಗ ನಾವು ಎಷ್ಟು ಊರಿಗೆ ಹೋದೆವು ಎಂಬುದನ್ನು ನಾವೆಲ್ಲ ಕೇಳಿಕೊಳ್ಳಬೇಕು.

ಬಾಬಾಸಾಹೇಬರಿಗೂ ರಾಜ್ಯಗಳ ಮೇಲ್ಮನೆಯ ಮೇಲೆ ಕುರುಡು ಭಕ್ತಿ ಇರಲಿಲ್ಲ. ಸಂವಿಧಾನ ಸಭೆಯಲ್ಲಿ ಅದನ್ನು ಪ್ರಯೋಗವೆಂದೇ ಕರೆದರು. ಬೇಡವಾದರೆ ತೆಗೆದುಹಾಕುವ ದಾರಿಯೂ 169ನೇ ಕಲಮಿನಲ್ಲಿದೆ. ಆಂಧ್ರದವರು 1985ರಲ್ಲಿ ತೆಗೆದರು, 2007ರಲ್ಲಿ ಮತ್ತೆ ತಂದರು. ತಮಿಳುನಾಡಿನವರು 1986ರಲ್ಲಿ ತೆಗೆದರು. ಇತ್ತ 1952ರಲ್ಲಿ ಲೋಕಸಭೆಗೆ ನಿಂತ ಬಾಬಾಸಾಹೇಬರನ್ನು ಮುಂಬಯಿಯಲ್ಲಿ ಸೋಲಿಸಿದ ಮೇಲೆ ಅವರು ರಾಜ್ಯಸಭೆಯಲ್ಲಿ ಕೂತೇ ಸರ್ಕಾರವನ್ನು ಪ್ರಶ್ನಿಸಿದರು. ಗಂಜಿ ಕೇಂದ್ರ ಎನ್ನುವವರು ಇದನ್ನೂ ನೆನೆಯಲಿ.

ನಮ್ಮ ತಕರಾರು ಬೇರೆ ಕಡೆ ಇದೆ. ಕಮಲಾಪುರ ಸೇರಿರುವ ಕಲಬುರಗಿ ಗ್ರಾಮೀಣ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಪರಿಷತ್ತಿನ 75 ಸ್ಥಾನಗಳಲ್ಲಿ ನಮಗೆಂದು ಮೀಸಲಿಟ್ಟದ್ದು ಒಂದೂ ಇಲ್ಲ. 25 ಜನರನ್ನು ಶಾಸಕರು ಆರಿಸುತ್ತಾರೆ, 25 ಜನರನ್ನು ಪಂಚಾಯ್ತಿ, ನಗರಸಭೆ ಸದಸ್ಯರು. ಆ ಚುನಾವಣೆ ಹೆಂಗ ನಡೀತದ ಅಂತ ಊರಿಗೇ ಗೊತ್ತು. 11 ಜನ ನಾಮಕರಣದವರು. 1988ರಲ್ಲಿ ಕವಿ ಸಿದ್ಧಲಿಂಗಯ್ಯ ಒಳಗೆ ಹೋದದ್ದು ಈ ಬಾಗಿಲಿನಿಂದ. ಆದರೆ ಅದರ ಚಿಲಕ ಯಾವಾಗಲೂ ಸರ್ಕಾರದ ಕೈಯಲ್ಲಿದೆ. ಯಾವ ಸರ್ಕಾರವನ್ನು ತಡೆಯಬೇಕೋ ಅದೇ ಸರ್ಕಾರ ಹೆಸರು ಕಳಿಸುತ್ತದೆ.

ಉಳಿದದ್ದು ಶಿಕ್ಷಕರ 7, ಪದವೀಧರರ 7. ಪದವೀಧರರ ಬಾಗಿಲು ನಮ್ಮದಾಗಬಹುದು. ಕೇರಿಯಲ್ಲಿ ಡಿಗ್ರಿ ಮುಗಿಸಿದವರು ಈಗ ಒಬ್ಬಿಬ್ಬರಲ್ಲ. ನಮ್ಮ ಜಿಲ್ಲೆಗಳ ಈಶಾನ್ಯ ಪದವೀಧರ ಕ್ಷೇತ್ರಕ್ಕೆ 2024ರಲ್ಲಿ ಚುನಾವಣೆಯಾಯಿತು. ಆಗ ನೂರಾರು ಗೆಳೆಯರು ವೋಟರ್ ಕಾರ್ಡ್ ಹಿಡಿದು 'ನಮ್ಮ ಹೆಸರೇ ಇಲ್ಲಲ್ಲ' ಎಂದು ಬೆರಗಾದರು. ಇರುವುದಾದರೂ ಹೆಂಗ? ಈ ಪಟ್ಟಿಯೇ ಬೇರೆ. ಇದನ್ನು ಪ್ರತಿ ಚುನಾವಣೆಗೂ ಹೊಸದಾಗಿ ಬರೆಯುತ್ತಾರೆ. ಯಾರೂ ಮನೆಗೆ ಬಂದು ಬರಕೊಳ್ಳುವುದಿಲ್ಲ. ಕಾಲೇಜು, ಮಠ, ಸಂಸ್ಥೆ ನಡೆಸುವವರು ತಮ್ಮವರ ಅರ್ಜಿಗಳನ್ನು ಕಟ್ಟುಗಟ್ಟಲೆ ತುಂಬಿಸುತ್ತಾರೆ. ನಮ್ಮವರದ್ದು ತುಂಬಿಸುವವರು ಯಾರು?

ಮುಂದಿನ ಸರದಿ 2030ರಲ್ಲಿ. ಅದಕ್ಕೂ ಹಿಂದಿನ ವರ್ಷ, ನವೆಂಬರ್ 1ಕ್ಕೆ ಡಿಗ್ರಿ ಮುಗಿದು ಮೂರು ವರ್ಷ ಆಗಿರಬೇಕು. ಅಂದರೆ 2026ರ ಅಕ್ಟೋಬರ್ ಒಳಗೆ ಪಾಸಾದವರಿಗೆಲ್ಲ ಹಕ್ಕು ಅದ. ನಮೂನೆ 18ರ ಅರ್ಜಿ, ಅದರ ಜೊತೆ ಪದವಿ ಪತ್ರ ಇಲ್ಲವೆ ಅಂಕಪಟ್ಟಿಯ ದೃಢೀಕರಿಸಿದ ನಕಲು. ಹಾಸ್ಟೆಲಿಗೊಬ್ಬರು, ಕಮಲಾಪುರದ ಊರಿಗೊಬ್ಬರು ಈಗಲೇ ನೋಟ್‌ಬುಕ್ ಇಟ್ಟು, ಡಿಗ್ರಿ ಆದ ಅಣ್ಣ-ಅಕ್ಕಂದಿರ ಹೆಸರು ಬರೆಯಲು ಶುರು ಮಾಡಿರಿ. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕಂದಿರು ಈಗಿರುವ ಊರಿನಲ್ಲೇ ಅರ್ಜಿ ಕೊಡಬೇಕು. ಅವರಿಗೆ ಒಂದು ಕಾರ್ಡು ಬರೆದು ತಿಳಿಸಿರಿ.