ಹಜಾರದ ಹವಳ: ಅಲಂಕಾರವೋ, ಅನರ್ಥದಂಡವೋ?

ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜದೊಳಕ್ಕೆ ಹಿಂಸೆಯು ಮುಂಬಾಗಿಲಿನಿಂದ ಪ್ರವೇಶಿಸುವುದಿಲ್ಲ. ಅದು ಬರುವುದು ಬಹುಮಟ್ಟಿಗೆ ಅಲಂಕಾರದ ವೇಷದಲ್ಲಿ. ರೇಷ್ಮೆಯ ರೂಪದಲ್ಲಿ ಒಮ್ಮೆ ಬಂದಿತು, ಮುತ್ತಿನ ರೂಪದಲ್ಲಿ ಮತ್ತೊಮ್ಮೆ ಬಂದಿತು. ಈಗ ಅದು ಉಪ್ಪುನೀರಿನ ಗಾಜಿನ ತೊಟ್ಟಿಯಾಗಿ, ನೀಲಿ ದೀಪದ ಕೆಳಗೆ ಹೊಳೆಯುವ ಜೀವಂತ ಹವಳವಾಗಿ ಬರುತ್ತಿದೆ. ಬೆಂಗಳೂರಿನ ಸಿರಿವಂತರ ಹಜಾರಗಳಲ್ಲಿ ಮೊದಲು ಕಾಣಿಸಿಕೊಂಡ ಈ ಹವ್ಯಾಸವು ಜಾವಗಲ್, ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಶ್ರಾವಕ ಕುಟುಂಬಗಳನ್ನು ತಲುಪುವುದಕ್ಕೆ ಹೆಚ್ಚು ಕಾಲ ಬೇಕಾಗದು. ಶಿರಾಡಿ ಘಾಟಿಯನ್ನಿಳಿದು ಮಂಗಳೂರನ್ನು ಸೇರುವವರೆಗೆ ಸಮುದ್ರದ ಸುಳಿವೇ ಇಲ್ಲದ ಈ ಸೀಮೆಯಲ್ಲಿ ಸಮುದ್ರವನ್ನು ಗಾಜಿನೊಳಗೆ ಕೂಡಿಡುವ ಆಸೆ ಹುಟ್ಟುವುದು ಅಸಹಜವೇನಲ್ಲ. ಆಸೆಯು ಸಹಜವೆಂದ ಮಾತ್ರಕ್ಕೆ ಅದು ನಿರ್ದೋಷವೂ ಆಗುವುದಿಲ್ಲ.

ಈ ಹವ್ಯಾಸವನ್ನು ಸಮರ್ಥಿಸುವ ಜೈನರು ಮುಂದಿಡುವ ಮೊದಲನೆಯ ವಾದ ಶಾಸ್ತ್ರದ್ದೇ ಆಗಿದೆ. ಮೀನನ್ನು ಸಾಕಿದರೆ ಪಂಚೇಂದ್ರಿಯ ಜೀವಿಯ ಬಂಧನವಾಗುತ್ತದೆ, ಹವಳವಾದರೋ ಕಲ್ಲು, ಮೂಲಾಚಾರದಲ್ಲಿಯೂ ಉತ್ತರಾಧ್ಯಯನ ಸೂತ್ರದಲ್ಲಿಯೂ ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಲಾಗಿದೆ, ಅದು ಏಕೇಂದ್ರಿಯ, ಆದುದರಿಂದ ದೋಷ ಅಲ್ಪ ಎಂಬುದು ಈ ವಾದದ ಸಾರ. ಎಣಿಕೆ ಇರುವುದು ನಿಜ. ಪ್ರವಾಳ ಶಬ್ದವೇ ಪವಳವಾಗಿ, ಪಕಾರವು ಹಕಾರವಾಗಿ, ಹವಳವೆಂದು ಕನ್ನಡಿಗರ ಕಿವಿಯೋಲೆಯನ್ನೂ ಕೊರಳಸರವನ್ನೂ ಸೇರಿದೆ. ಆದರೆ ಆ ಪಟ್ಟಿಯಲ್ಲಿ ಪ್ರವಾಳದೊಡನೆ ಕುಳಿತಿರುವವು ವಜ್ರ, ಚಿನ್ನ, ಬೆಳ್ಳಿ, ಹರಿದಾಳಗಳಂಥ ಖನಿಜಗಳು. ಅಲ್ಲಿ ಹೇಳಿರುವುದು ಅಂಗಡಿಗೆ ಬರುವ ಗಟ್ಟಿ ಹವಳವನ್ನು ಎಂದು ತಿಳಿಯುವುದೇ ಯುಕ್ತ. ಸಮುದ್ರದ ತಳದಲ್ಲಿ ಅದನ್ನು ಕಟ್ಟಿದ ಮೃದುದೇಹಿಯನ್ನು ಕಣ್ಣಿಟ್ಟು ನೋಡುವ ಸಾಧನ ಅಂದು ಯಾರಲ್ಲಿಯೂ ಇರಲಿಲ್ಲ. ಯುರೋಪಿನ ಪಂಡಿತರು ಸಹ ಹದಿನೆಂಟನೆಯ ಶತಮಾನದವರೆಗೆ ಹವಳವನ್ನು ಗಿಡವೆಂದೇ ನಂಬಿದ್ದರು. ಫ್ರಾನ್ಸಿನ ವೈದ್ಯ ಪೆಯ್ಸೊನೆಲ್ ಅದು ಪ್ರಾಣಿಯೆಂದು ತೋರಿಸಿದಾಗ ಅವನ ಮಾತನ್ನು ಒಪ್ಪುವವರು ಮೊದಲಿಗೆ ದೊರೆಯಲಿಲ್ಲ.

ಇಂದು ಸಂಶಯಕ್ಕೆ ಎಡೆಯಿಲ್ಲ. ಹವಳದ ಒಂದೊಂದು ಚಿಕ್ಕ ಕುಳಿಯಲ್ಲಿಯೂ ಒಂದೊಂದು ಪ್ರಾಣಿ ಇದೆ. ಅದಕ್ಕೆ ಬಾಯಿ ಇದೆ, ಹೊಟ್ಟೆ ಇದೆ, ಬಾಯಿಯ ಸುತ್ತ ಬೇಟೆಯನ್ನು ಚುಚ್ಚಿ ಹಿಡಿಯುವ ಎಳೆಗಳಿವೆ. ಮಿದುಳಿಲ್ಲದಿದ್ದರೂ ದೇಹದ ತುಂಬ ನರಗಳ ಬಲೆ ಹರಡಿದೆ. ಮುಟ್ಟಿದರೆ ಮುದುಡಿಕೊಳ್ಳುತ್ತದೆ, ನೀರಿನಲ್ಲಿ ಆಹಾರದ ರಸ ಕರಗಿ ಬಂದರೆ ಬಾಯಿ ತೆರೆಯುತ್ತದೆ. ಅದರ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರವನ್ನು ತಯಾರಿಸಿ, ಮನೆ ಕೊಟ್ಟ ಪ್ರಾಣಿಗೆ ಪಾಲು ಕೊಡುತ್ತವೆ. ನೀರು ಅತಿಯಾಗಿ ಬಿಸಿಯಾದರೆ ಈ ಸಹವಾಸ ಮುರಿದು, ಪಾಚಿಗಳು ಹೊರಬಿದ್ದು, ಹವಳವು ಬಿಳಿಚಿಕೊಂಡು ಹಸಿವಿನಿಂದ ಸಾಯುತ್ತದೆ. ಸ್ಪರ್ಶವೂ ರಸನೆಯೂ ಇರುವ ಜೀವಿಗೆ ಎಷ್ಟು ಇಂದ್ರಿಯಗಳೆಂದು ಎಣಿಸಬೇಕು? ಶಂಖ, ಸಿಂಪಿ, ಹುಳುಗಳನ್ನು ದ್ವೀಂದ್ರಿಯಗಳೆಂದು ಬಾಲಬೋಧೆಯಲ್ಲಿಯೇ ಕಲಿತ ಶ್ರಾವಕನಿಗೆ ಇದು ಕಠಿಣವಾದ ಪ್ರಶ್ನೆಯಲ್ಲ. ಕಡೆಯ ನಿರ್ಣಯವನ್ನು ಮುನಿಗಳೂ ವಿದ್ವಾಂಸರೂ ಮಾಡಲಿ. ಅಲ್ಲಿಯವರೆಗೆ ಸಂಶಯವಿರುವ ಬಾಬಿನಲ್ಲಿ ತನ್ನ ಸಾಲವನ್ನು ಕಡಿಮೆ ಬರೆದುಕೊಳ್ಳುವ ವ್ಯಾಪಾರಿಯನ್ನು ಯಾವ ಪೇಟೆಯೂ ಪ್ರಾಮಾಣಿಕನೆಂದು ಕರೆಯುವುದಿಲ್ಲ.

ಹವಳವು ಕಲ್ಲಲ್ಲವೆಂಬುದಕ್ಕೆ ವಿಜ್ಞಾನ ಗ್ರಂಥಗಳವರೆಗೂ ಹೋಗಬೇಕಾಗಿಲ್ಲ. ಅದನ್ನು ಮಾರುವವರು ಹೊಸಬರಿಗೆ ಕೊಡುವ ಬುದ್ಧಿವಾದವನ್ನು ಕೇಳಿದರೆ ಸಾಕು. ತೊಟ್ಟಿಯಲ್ಲಿ ನೀರು ತುಂಬಿದ ಮೇಲೆ ತಿಂಗಳುಗಟ್ಟಲೆ ಕಾಯಬೇಕು; ಅಮೋನಿಯಾ ಪೂರ್ತಿ ಇಳಿದ ಹೊರತು ಹವಳವನ್ನು ತರಬಾರದು. ತಂದ ಹವಳವನ್ನು ಮೊದಲು ತಳದ ಮರಳಿನ ಮೇಲೆ, ಮಂದವಾದ ಬೆಳಕಿನಲ್ಲಿ ಇರಿಸಿ, ವಾರ ಎರಡು ವಾರಗಳಲ್ಲಿ ಮೆಲ್ಲಗೆ ಮೇಲಿನ ಬಂಡೆಗೆ ಏರಿಸಬೇಕು, ಇಲ್ಲವಾದರೆ ಸುಟ್ಟುಹೋಗುತ್ತದೆ. ಪಂಪಿನ ನೇರ ಹೊಡೆತಕ್ಕೆ ಒಡ್ಡಬಾರದು, ನಿಂತ ನೀರಿನಲ್ಲಿಯೂ ಇಡಬಾರದು. ಎರಡು ಜಾತಿಗಳ ನಡುವೆ ಕನಿಷ್ಠ ಒಂದು ಗೇಣು ಅಂತರ ಬಿಡಬೇಕು, ಏಕೆಂದರೆ ಕೆಲವು ಹವಳಗಳು ರಾತ್ರಿಯ ವೇಳೆ ಉದ್ದನೆಯ ಎಳೆಗಳನ್ನು ಚಾಚಿ ನೆರೆಯವನನ್ನು ಚುಚ್ಚಿ ಕೊಲ್ಲುತ್ತವೆ. ತೊಗಲು ಹವಳವು ನೀರಿನಲ್ಲಿ ವಿಷವನ್ನೇ ಬಿಡುತ್ತದೆ. ಇಷ್ಟೆಲ್ಲವನ್ನೂ ಹೇಳಿ ಮುಗಿಸಿದ ಬಾಯಿಯೇ ಇದು ಬರಿಯ ಕಲ್ಲೆಂದು ಸಮಾಧಾನ ಹೇಳುವುದಾದರೆ ಅದನ್ನು ಏನೆನ್ನಬೇಕು? ಸುಡುವ, ಹಸಿಯುವ, ನೆರೆಯವನೊಡನೆ ಕಾದಾಡುವ ಕಲ್ಲನ್ನು ಯಾರು ಕಂಡಿದ್ದಾರೆ?

ಬುದ್ಧಿವಾದದ ಇನ್ನೊಂದು ಭಾಗವು ಇದಕ್ಕಿಂತಲೂ ಕಠೋರವಾಗಿದೆ. ಮೊದಲ ಹವಳವಾಗಿ ಅಣಬೆ ಹವಳ, ಜೊವಾಂಥಿಡ್, ತೊಗಲು ಹವಳ ಇವುಗಳಲ್ಲೊಂದನ್ನು ಆರಿಸಬೇಕೆಂದು ಹೇಳುತ್ತಾರೆ. ಕಾರಣ, ಇವು ಗಟ್ಟಿ ಜಾತಿಗಳು. ಹೊಸಬನ ಕೈಯಲ್ಲಿ ಉಪ್ಪು ಏರುಪೇರಾದರೂ, ಶಾಖ ಏರಿದರೂ, ಕೆಲಕಾಲ ತಾಳಿಕೊಳ್ಳುತ್ತವೆ. ಈ ಮಾತಿನ ಅರ್ಥವನ್ನು ಬಿಡಿಸಿ ನೋಡಬೇಕು. ಕಲಿಯುವವನು ತಪ್ಪು ಮಾಡಿಯೇ ಮಾಡುವನೆಂದು ಮೊದಲೇ ಗೊತ್ತಿದೆ, ಆ ತಪ್ಪನ್ನು ಮೈಮೇಲೆ ಹೊರುವುದಕ್ಕೆ ನಿಧಾನವಾಗಿ ಸಾಯುವ ಜೀವಿಯೊಂದನ್ನು ಹುಡುಕಲಾಗುತ್ತಿದೆ. ಆಯ್ಕೆಯೆಂದರೆ ಇದೇ. ಮೊದಲನೆಯದು ಸತ್ತರೆ ಎರಡನೆಯದನ್ನು ತರುವುದು, ಕೈ ಪಳಗಿದ ಮೇಲೆ ಸೂಕ್ಷ್ಮವಾದ ಜಾತಿಗಳಿಗೆ ಏರುವುದು. ಅಕ್ಷರ ಕಲಿಯುವ ಮಗುವಿಗೆ ಸ್ಲೇಟು ಕೊಡುವಂತೆ ಇಲ್ಲಿ ಜೀವಿಯನ್ನು ಕೊಡಲಾಗುತ್ತದೆ. (ಜೊವಾಂಥಿಡ್‌ಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಧರಿಸಿರುತ್ತವೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ತೊಟ್ಟಿಯ ಹವಳವನ್ನು ಶುಚಿಮಾಡಹೋಗಿ ಒಂದು ಕುಟುಂಬವೇ ಆಸ್ಪತ್ರೆಯನ್ನು ಸೇರಬೇಕಾಯಿತು. ಅಡಿಗೆಮನೆಯ ಪಕ್ಕದಲ್ಲಿ ತೊಟ್ಟಿಯಿಡುವವರು ಇದನ್ನಾದರೂ ತಿಳಿದಿರಲಿ.)

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಹೇಳಿದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೇರು ಹೊರುವ ಎತ್ತನ್ನೂ ಕಟ್ಟಿಹಾಕಿದ ಹಸುವನ್ನೂ ಕಣ್ಣ ಮುಂದಿಟ್ಟುಕೊಂಡು ವ್ಯಾಖ್ಯಾನಕಾರರು ಇವನ್ನು ವಿವರಿಸುವುದುಂಟು. ಗಾಜಿನ ತೊಟ್ಟಿಗೆ ಇವನ್ನು ಅನ್ವಯಿಸಿದರೆ ಹೊರೆಯೊಂದನ್ನುಳಿದು ಮಿಕ್ಕ ನಾಲ್ಕೂ ಸಾಲಾಗಿ ನಿಲ್ಲುತ್ತವೆ. ಬಂಧವು ತೊಟ್ಟಿಯೇ ಆಗಿದೆ. ಛೇದವು ಈ ಹವ್ಯಾಸದ ಜೀವಾಳವೇ ಸರಿ: ಒಂದು ಹವಳವನ್ನು ಕತ್ತರಿಯಿಂದಲೋ ಗರಗಸದಿಂದಲೋ ತುಂಡರಿಸಿ, ತುಂಡುಗಳನ್ನು ಅಂಟಿನಿಂದ ಬಿಲ್ಲೆಗಳಿಗೆ ಅಂಟಿಸಿ, ಫ್ರ್ಯಾಗ್ ಎಂಬ ಹೆಸರಿನಿಂದ ಮಾರುತ್ತಾರೆ. ಅನ್ನಪಾನನಿರೋಧಕ್ಕೆ ಯಜಮಾನನ ದುರುದ್ದೇಶವೂ ಬೇಕಾಗಿಲ್ಲ, ವಿದ್ಯುತ್ತು ಹೋದರೆ ಸಾಕು. ಬೇಸಿಗೆಯ ಒಂದು ಸಂಜೆ ಗಾಳಿಮಳೆಗೆ ತಂತಿ ಹರಿದು ಹಳ್ಳಿಗಾಡಿನಲ್ಲಿ ರಾತ್ರಿಯೆಲ್ಲ ಕತ್ತಲೆಯಾದಾಗ ಪಂಪು ನಿಂತು, ನೀರಿನ ಆಮ್ಲಜನಕ ಇಳಿದು, ಬೆಳಗಾಗುವುದರೊಳಗೆ ತೊಟ್ಟಿಯು ಮಸಣವಾಗಿರುತ್ತದೆ. ಇಂಥ ರಾತ್ರಿಗಳನ್ನು ಕಾಣದ ಮನೆ ಜಾವಗಲ್ ಸೀಮೆಯಲ್ಲಿ ಯಾವುದು?

ಇನ್ನುಳಿದುದು ವಧ. ಇದರ ವಿಷಯದಲ್ಲಿಯೇ ಹೆಚ್ಚಿನ ಮೌನವಿದೆ. ತಂದ ಹವಳವನ್ನು ತೊಟ್ಟಿಗೆ ಇಳಿಸುವ ಮುನ್ನ ಔಷಧದ ನೀರಿನಲ್ಲಿ ಅದ್ದಿ ಅಲುಗಿಸಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಾದ ಕಟ್ಟಳೆ. ಅದರ ಉದ್ದೇಶವು ಹವಳಕ್ಕೆ ಅಂಟಿಕೊಂಡಿರುವ ಹುಳು, ಚಪ್ಪಟೆಹುಳು, ಸಣ್ಣ ಏಡಿ ಮುಂತಾದವನ್ನು ಕೊಲ್ಲುವುದು. ಬಂಡೆಯ ಮೇಲೆ ಬೇಡದ ಐಪ್ಟೇಸಿಯಾ ಹುಟ್ಟಿಕೊಂಡರೆ ಸೂಜಿಯಿಂದ ಸುಣ್ಣದ ತಿಳಿಯನ್ನು ಚುಚ್ಚಿ ಕೊಲ್ಲುವುದು. ಹವಳಕ್ಕೂ ಮೀನಿಗೂ ಉಣಿಸುವುದಕ್ಕೆ ಉಪ್ಪುನೀರಿನ ಸೀಗಡಿಮರಿಗಳನ್ನು ಮನೆಯಲ್ಲಿಯೇ ಮೊಟ್ಟೆಯೊಡೆಸಿ ಸುರಿಯುವುದು. ಇದರಲ್ಲಿ ಆರಂಭೀ ಹಿಂಸೆ ಯಾವುದು, ಉದ್ಯೋಗೀ ಹಿಂಸೆ ಯಾವುದು? ಎಲ್ಲವೂ ತಿಳಿದು, ಬಯಸಿ, ಕೊಲ್ಲಲೆಂದೇ ಕೈಯೆತ್ತಿ ಮಾಡಿದ ಸಂಕಲ್ಪೀ ಹಿಂಸೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುವ ಅಜ್ಜಿಯಿರುವ ಮನೆಯ ಹಜಾರದಲ್ಲಿ ಮೊಮ್ಮಗನು ಸೂಜಿ ಹಿಡಿದು ಇದನ್ನು ಮಾಡುವುದು ಯಾವ ಧರ್ಮ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ಅನರ್ಥದಂಡಗಳಲ್ಲಿ ಎಣಿಸಿದೆ: ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದು. ಇದರ ಲೆಕ್ಕವನ್ನು ಜಮಾಖರ್ಚಿನ ರೀತಿಯಲ್ಲಿಯೇ ಹಾಕಬಹುದು. 200 ಲೀಟರಿನ ತೊಟ್ಟಿಗೆ ಲೀಟರಿಗೆ 35 ಗ್ರಾಮಿನಂತೆ 7 ಕಿಲೋ ಉಪ್ಪು ಬೇಕು. ವಾರಕ್ಕೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಿದರೆ 700 ಗ್ರಾಂ, ವರ್ಷಕ್ಕೆ 36 ಕಿಲೋಗೂ ಮೇಲೆ ಉಪ್ಪು ನೆಲದ ಪಾಲಾಗುತ್ತದೆ. ಕೊಳವೆಬಾವಿಯ ಗಡುಸು ನೀರು ಹವಳಕ್ಕೆ ಆಗದು, ಆರ್‌ಓ ಯಂತ್ರದಲ್ಲಿ ಶುದ್ಧಿ ಮಾಡಬೇಕು. ಬದಲಿಸುವ 20 ಲೀಟರು, ಆವಿಯಾಗುವುದು ದಿನಕ್ಕೆ 3 ಲೀಟರೆಂದು ಹಿಡಿದರೆ ಮತ್ತೆ 21 ಲೀಟರು. ಒಂದು ಲೀಟರು ಶುದ್ಧ ನೀರಿಗೆ ಮೂರು ಲೀಟರು ಹೊರಚೆಲ್ಲುವ ಯಂತ್ರದಲ್ಲಿ ಇದು ವಾರಕ್ಕೆ 160 ಲೀಟರನ್ನು ಮೀರುತ್ತದೆ. ಬರಗಾಲದಲ್ಲಿ ತೆಂಗಿನ ತೋಟಗಳೇ ಒಣಗಿದ್ದನ್ನು ಕಂಡಿರುವ ಅರಸೀಕೆರೆ ತಾಲ್ಲೂಕಿನಲ್ಲಿ ಈ ನೀರು ಯಾರ ಪಾಲಿನದು? ದೀಪಕ್ಕೆ 100 ವ್ಯಾಟಿನಂತೆ ಹತ್ತು ಗಂಟೆ, ಪಂಪುಗಳಿಗೆ 50 ವ್ಯಾಟಿನಂತೆ ಹಗಲಿರುಳು ಎಂದರೆ ತಿಂಗಳಿಗೆ 66 ಯೂನಿಟ್ಟು. ಜಮೆಯ ಕಡೆಯಲ್ಲಿ ಬರೆಯುವುದಕ್ಕೆ ನೆಂಟರ ಪ್ರಶಂಸೆಯ ಹೊರತು ಏನಿದೆ?

ಕಾನೂನಿನ ಮಾತನ್ನೂ ಕೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ, ಕಪ್ಪು ಹವಳ, ಅಗ್ನಿಹವಳ, ಆರ್ಗನ್‌ಪೈಪ್ ಹವಳ, ಬೀಸಣಿಗೆ ಹವಳಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆ ಇವಕ್ಕೂ ಇದೆ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸವುಂಟು. 2022ರ ತಿದ್ದುಪಡಿಯು ವಿದೇಶಿ ಮೂಲದ ಸಂರಕ್ಷಿತ ಜೀವಿಗಳನ್ನು ಇಟ್ಟುಕೊಂಡವರೂ ನೋಂದಾಯಿಸಬೇಕೆಂದು ವಿಧಿಸಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಕೆಲವು ಮೃದು ಹವಳಗಳು ಇವೆಯೆಂಬುದು ವ್ಯಾಪಾರಿಗಳ ಸಮಾಧಾನ. ಕಾನೂನು ಬಿಟ್ಟುದನ್ನೆಲ್ಲ ಮಾಡಬಹುದೆಂದಾದರೆ ಅಣುವ್ರತಗಳ ಅಗತ್ಯವಾದರೂ ಏನು?

ಮಾರಾಟದ ಹವಳಗಳು ತೊಟ್ಟಿಯಲ್ಲಿಯೇ ಬೆಳೆಸಿದವು, ಸಮುದ್ರದಿಂದ ಕಿತ್ತವಲ್ಲ ಎನ್ನುವವರ ಮಾತಿನಲ್ಲಿ ಕೆಲಮಟ್ಟಿಗೆ ಸತ್ಯವಿದೆ. ಹಲವು ಜಾತಿಗಳನ್ನು ಹಾಗೆ ಬೆಳೆಸುವುದುಂಟು. ಆದರೆ ತಾಯಿತುಂಡು ಎಲ್ಲಿಂದ ಬಂತು, ಅದರಡಿಯ ಬಂಡೆ ಎಲ್ಲಿಂದ ಬಂತು ಎಂದು ಕೊಳ್ಳುವವನು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ. ಸಮುದ್ರವೇ ಕಾದು ಹವಳಗಳು ಸಾಯುತ್ತಿರುವಾಗ ಮನೆಯಲ್ಲಿ ಉಳಿಸುವುದು ಪುಣ್ಯವಲ್ಲವೇ ಎಂಬ ವಾದವಂತೂ ಇನ್ನೂ ವಿಚಿತ್ರ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡುದು ಸತ್ಯ. ಆ ದ್ವೀಪಗಳು ಕನ್ನಡಿಗರಿಗೆ ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಕೇಡಿಗೆ ಕಾರಣವಾದ ಶಾಖಕ್ಕೆ ಹಗಲಿರುಳು ವಿದ್ಯುತ್ತನ್ನು ಸುಡುವ ತೊಟ್ಟಿ ಮದ್ದಾಗುವುದೆಂತು? ಮಕ್ಕಳಿಗೆ ಹವಳವನ್ನು ತೋರಿಸಲೇಬೇಕಾದರೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಅದು ತನ್ನ ಪಾಡಿಗೆ ತಾನು ಬದುಕಿಕೊಂಡಿದೆ. ಮನ್ನಾರ್ ಕೊಲ್ಲಿಯಲ್ಲಿ ಕಲ್ಲೆಂದು ಬಗೆದು ದಶಕಗಳ ಕಾಲ ಹವಳವನ್ನು ಕಿತ್ತು ಸುಣ್ಣಕ್ಕೂ ಕಟ್ಟಡಕ್ಕೂ ಬಳಸಿದುದರ ಫಲವಾಗಿ ಎರಡು ಚಿಕ್ಕ ದ್ವೀಪಗಳೇ ನೀರಿನಲ್ಲಿ ಮುಳುಗಿಹೋದ ಕಥೆಯನ್ನೂ ಮಕ್ಕಳಿಗೆ ಹೇಳಬಹುದು.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಈ ಸೀಮೆಯ ಶ್ರಾವಕರು ಮಕ್ಕಳನ್ನು ಕರೆದೊಯ್ಯುತ್ತಾರೆ, ತಲೆಯ ಮೇಲೆ ಹೆಡೆಯೆತ್ತಿದ ನಾಗನ ಕಥೆಯನ್ನು ಹೇಳುತ್ತಾರೆ. ತಾಪಸನು ಕೊರಡನ್ನು ಮಾತ್ರ ಕಂಡನು, ಕುಮಾರನು ಕೊರಡಿನೊಳಗಿನ ಜೀವಗಳನ್ನು ಕಂಡನು. ಕೊರಡಿನ ಜಾಗದಲ್ಲಿ ಬಂಡೆಯನ್ನಿಟ್ಟು ಅದೇ ಕಥೆಯನ್ನು ಮಕ್ಕಳಿಗೆ ಹೇಳಲು ಯಾವ ತಂದೆಗೂ ಕಷ್ಟವಾಗಲಾರದು. ಹಿಂದಿರುಗಿ ಬಂದು ಹಜಾರದ ದೀಪ ಹಚ್ಚಿದಾಗ ಮಾತ್ರ ಕಷ್ಟವಾದೀತು.

ಬಸದಿಗಳ ಆಡಳಿತ ಮಂಡಲಿಗಳಿಗೂ ಇಲ್ಲೊಂದು ಕರ್ತವ್ಯವಿದೆ. ಯಾತ್ರಿನಿವಾಸದ ಅಂದಕ್ಕೆಂದು, ಸಮುದಾಯ ಭವನದ ಪ್ರವೇಶದ್ವಾರಕ್ಕೆಂದು ಇಂಥ ತೊಟ್ಟಿಯನ್ನು ಯಾರಾದರೂ ದಾನವಾಗಿ ಕೊಡಬಂದರೆ ದಾನಿಯ ಮುಖವನ್ನು ನೋಡದೆ ನಿರಾಕರಿಸಬೇಕು, ನಿರಾಕರಿಸಿದುದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು. ಹವಳದ ಸರವನ್ನು ಮಾರಿ ಬಂದ ಹಣದಲ್ಲಿ ಹವಳದ ತೊಟ್ಟಿಯನ್ನು ನಿಂದಿಸುವ ವರ್ತಕರೂ ಸಮಾಜದಲ್ಲಿದ್ದಾರೆ. ಅವರು ತಮ್ಮ ಗಾಜಿನ ಪೆಟ್ಟಿಗೆಯನ್ನು ಮೊದಲು ನೋಡಿಕೊಳ್ಳಲಿ.

ಈಗಾಗಲೇ ತೊಟ್ಟಿಯಿರುವ ಮನೆಯವರು ಅದನ್ನು ಒಡೆದು ಚೆಲ್ಲುವುದು ಪ್ರಾಯಶ್ಚಿತ್ತವಲ್ಲ, ಇನ್ನೊಂದು ಹಿಂಸೆ. ಕೆರೆಗೆ ಬಿಟ್ಟರೆ ಸಿಹಿನೀರಿನಲ್ಲಿ ಹವಳವು ಬೇಗನೆ ಸಾಯುತ್ತದೆ. ಸಮುದ್ರಕ್ಕೆ ಬಿಟ್ಟರೆ ಅಲ್ಲಿಯ ಜೀವಿಗಳಿಗೆ ರೋಗ ತಗಲಬಹುದು. ಹೊಸದನ್ನು ಸೇರಿಸದೆ, ತುಂಡರಿಸದೆ, ಇರುವುದನ್ನು ಅದರ ಆಯುಷ್ಯ ಮುಗಿಯುವವರೆಗೆ ಪೋಷಿಸಬೇಕು. ಪಂಪಿಗೆ ಬ್ಯಾಟರಿಯ ವ್ಯವಸ್ಥೆ ಮಾಡಬೇಕು. ಪಟ್ಟಿಯಲ್ಲಿರುವ ಜಾತಿಯೆಂದು ಸಂಶಯವಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ತೆಗೆದ ಉಪ್ಪುನೀರನ್ನು ತೆಂಗಿನ ಪಾತಿಗೆ ಸುರಿಯಬಾರದು.